ಗಿರಿಜಕ್ಕ ಯಾರ ಸೊತ್ತು?

ಕಳೆದ ಆಟಿ ತಿಂಗಳ ಒಂದು ಸಂಜೆ. ಮಂಗಳೂರಿನ ಮಳೆಯನ್ನು ಬಲ್ಲವರಿಗೆ ಅದನ್ನು ವರ್ಣಿಸುವ ಅಗತ್ಯವಿಲ್ಲ. ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಕದ್ರಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಕೆಂಪು ಶಾಯಿಯ ಪೆನ್ನು ಹಿಡಿದು, ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುತ್ತಿದ್ದೆ. ಕೊಡೆ ಮಡಿಚುತ್ತ ಮೆಟ್ಟಿಲೇರಿ ಬಂದವನು ನನ್ನ ಹಳೆಯ ವಿದ್ಯಾರ್ಥಿ. ತಾನು ಪೂರ್ತಿ ತೊಯ್ದಿದ್ದರೂ, ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳ ಕಟ್ಟೊಂದನ್ನು ಒಣಗಿದ್ದಂತೆಯೇ ಹೊರತೆಗೆದನು.

"ಇದನ್ನು ಒಮ್ಮೆ ನೋಡಿಕೊಡಬೇಕಿತ್ತು, ಸರ್. ನಾಳೆಯೇ ಸಹಿ ಮಾಡಿ ಕಳಿಸಬೇಕಂತೆ" ಎಂದನು.

ಈ ಹುಡುಗ ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ವಿಜ್ಞಾನ ಕಥೆ ಬರೆಯುತ್ತಾನೆ. ಅವನ ಕಥಾನಾಯಕಿ ಗಿರಿಜಕ್ಕ. ಬೆಂಗರೆಯ ಮೀನುಗಾರರ ಮನೆಯ ಹೆಣ್ಣು ಮಗಳು, 2150ನೆಯ ಇಸವಿಯಲ್ಲಿ ಚಂದ್ರಲೋಕದ ವಸಾಹತಿನಲ್ಲಿ ಊಟದ ಮನೆ ನಡೆಸುತ್ತಾಳೆ. ದೊಡ್ಡ ದೊಡ್ಡ ಇಂಜಿನಿಯರುಗಳಿಗೆ ಬಿಡಿಸಲಾಗದ ಸಮಸ್ಯೆಯನ್ನು ಗಂಜಿ ಬಡಿಸುತ್ತ ಬಡಿಸುತ್ತಲೇ ಬಿಡಿಸಿಬಿಡುತ್ತಾಳೆ. ನನ್ನ ಮನೆಯಾಕೆಯಂತೂ ಗಿರಿಜಕ್ಕನ ಪರಮಭಕ್ತೆ. ಈಗ ಒಂದು ಸಂಸ್ಥೆ ಆ ಕಥೆಯನ್ನು ಕೊಳ್ಳಲು ಮುಂದೆ ಬಂದಿತ್ತು. ಮೊದಲು ಧ್ವನಿನಾಟಕ, ಅನಂತರ ಚಿತ್ರಪುಸ್ತಕ, ಅದು ಗೆದ್ದರೆ ಬೇರೆ ಬೇರೆ ಲೇಖಕರಿಂದ ಗಿರಿಜಕ್ಕನ ಕಾದಂಬರಿಮಾಲೆ. ಹುಡುಗನಿಗೆ ಸಲ್ಲುವುದು 15,000 ರೂಪಾಯಿ.

ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ಅದರ ಒಂದು ಕಲಮಿನ ತಾತ್ಪರ್ಯವಿಷ್ಟು: ಕಥೆಯನ್ನೂ ಅದರೊಳಗಿನ ಸಮಸ್ತ ಪಾತ್ರಗಳನ್ನೂ, ಈಗಿರುವ ಮತ್ತು ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ ಸಂಸ್ಥೆಗೆ ಒಪ್ಪಿಸಲಾಗಿದೆ.

"ಗಿರಿಜಕ್ಕ ಇರುವುದು ಚಂದ್ರಲೋಕದಲ್ಲಲ್ಲವೆ? ವಿಶ್ವದಾದ್ಯಂತ ಎಂದು ಬರೆದುದು ಒಳ್ಳೆಯ ಮುನ್ನೆಚ್ಚರಿಕೆ" ಎಂದು ನಗೆಯಾಡಿದೆ.

ಅವನು ನಗಲಿಲ್ಲ. "ಇದಕ್ಕೆ ಸಹಿ ಹಾಕಿದ ಮೇಲೆ ಗಿರಿಜಕ್ಕನ ಇನ್ನೊಂದು ಕಥೆ ನಾನು ಬರೆಯಬಹುದಾ, ಸರ್?" ಎಂದು ಕೇಳಿದನು.

ನನ್ನ ನಗೆಯೂ ನಿಂತಿತು. ಕಾರಣ ಹೇಳುವುದಾದರೆ ನನ್ನದೇ ಒಂದು ಹಳೆಯ ಗಾಯವನ್ನು ತೋರಿಸಬೇಕು. ಎಂ.ಎ. ಮುಗಿಸಿದ ಹೊಸತರಲ್ಲಿ ಒಬ್ಬ ಪ್ರಕಾಶಕರಿಗಾಗಿ ಮಕ್ಕಳ ಪುಸ್ತಕವೊಂದನ್ನು ಬರೆದಿದ್ದೆ. ಸೈಕಲಿನ ಮೇಲೆ ಗ್ರಹದಿಂದ ಗ್ರಹಕ್ಕೆ ಕಾಗದ ಹಂಚುವ ಅಂಚೆಯ ಪುಟ್ಟಣ್ಣ ಅದರ ನಾಯಕ. ಎರಡು ಸಾವಿರ ರೂಪಾಯಿ ಕೈಗೆ ಬಂದ ಸಂಭ್ರಮದಲ್ಲಿ ರಸೀತಿಯ ಕೆಳಗಿನ ಸಣ್ಣಕ್ಷರಗಳನ್ನು ಓದದೆ ಸಹಿ ಹಾಕಿದೆ. ಎರಡು ವರ್ಷಗಳ ಬಳಿಕ ಪುಸ್ತಕ ಪ್ರದರ್ಶನವೊಂದರಲ್ಲಿ ಪುಟ್ಟಣ್ಣನ ಹೊಸ ಪುಸ್ತಕ ಕಣ್ಣಿಗೆ ಬಿತ್ತು. ಬರೆದವರು ಬೇರೆ ಯಾರೋ. ತೆರೆದು ನೋಡಿದರೆ ಮೂರನೆಯ ಪುಟದಲ್ಲಿ ಪುಟ್ಟಣ್ಣ ಒಂದು ತುಂಟ ಮಗುವಿನ ಕೆನ್ನೆಗೆ ಬಾರಿಸುತ್ತಿದ್ದಾನೆ! ನನ್ನ ಪುಟ್ಟಣ್ಣ ಯಾವ ಮಗುವಿನ ಮೇಲೂ ಕೈಯೆತ್ತಿದವನಲ್ಲ. ಆದರೆ ಅವನು ಆಗ ನನ್ನ ಪುಟ್ಟಣ್ಣನಾಗಿ ಉಳಿದಿರಲಿಲ್ಲ. ತಪ್ಪು ಪ್ರಕಾಶಕರದೆನ್ನಲಾರೆ, ಓದದೆ ಸಹಿ ಹಾಕಿದವನು ನಾನು. ಹುಡುಗನಿಗೆ ಎರಡು ದಿನಗಳ ಅವಕಾಶ ಕೇಳಿಕೊಳ್ಳಲು ಹೇಳಿ, ನಾನು ಪುಸ್ತಕಗಳನ್ನು ತಿರುವಿಹಾಕತೊಡಗಿದೆ. ಆಗ ತಿಳಿದ ಸಂಗತಿಗಳನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ವಾರವಾರವೂ ಧಾರಾವಾಹಿಯ ನಾಯಕ ನಾಯಕಿಯರಿಗಾಗಿ ಕಾದಿರುವ ನಮಗೆ, ಅವರು ಯಾರ ಮನೆಯ ಮಕ್ಕಳು ಎಂಬುದು ತಿಳಿದಿದ್ದರೆ ಒಳ್ಳೆಯದು.

ವ್ಯಾಸರ ಅಪ್ಪಣೆ ಬೇಡ

ಪಾತ್ರಕ್ಕೆ ಒಡೆಯನುಂಟೆ ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ವಿಚಿತ್ರವಾಗಿ ತೋರುತ್ತಿತ್ತು. ಹತ್ತನೆಯ ಶತಮಾನದಲ್ಲಿ ಪಂಪನು ವ್ಯಾಸರ ಅರ್ಜುನನನ್ನು ಎತ್ತಿಕೊಂಡು, ತನ್ನ ಒಡೆಯ ಅರಿಕೇಸರಿಯೊಡನೆ ಒಂದುಗೂಡಿಸಿದನು. ರನ್ನನು ಭೀಮನನ್ನು ನಾಯಕನಾಗಿಸಿದನು. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು 1961ರಲ್ಲಿ 'ಯಯಾತಿ'ಯನ್ನೂ, ಎಸ್.ಎಲ್. ಭೈರಪ್ಪನವರು 1979ರಲ್ಲಿ 'ಪರ್ವ'ವನ್ನೂ ಹೊರತಂದರು. ಇವರಾರೂ ವ್ಯಾಸರ ಸಹಿಯನ್ನು ತರಬೇಕಾಗಲಿಲ್ಲ.

ಕರಾವಳಿಯ ನಮಗೆ ಇದು ದಿನನಿತ್ಯದ ಅನುಭವ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ವಾಲಿ ಬೇರೆ, ಇನ್ನೊಬ್ಬ ಅರ್ಥಧಾರಿಯ ವಾಲಿ ಬೇರೆ. ಪ್ರಸಂಗ ಒಂದೇ, ಪದ್ಯ ಒಂದೇ, ಪಾತ್ರ ಹತ್ತು ಬಗೆ. ಇಂದು ಒಂದು ಮೇಳದ ಕರ್ಣನಿಗೆ ಕಣ್ಣೀರಿಟ್ಟವರು ನಾಳೆ ಇನ್ನೊಂದು ಮೇಳದ ಕರ್ಣನೊಡನೆ ಅವನನ್ನು ತೂಗಿ ನೋಡುತ್ತಾರೆ. ಕರ್ಣ ಯಾರ ಸೊತ್ತು ಎಂದು ಕೇಳಿದವರಿಲ್ಲ.

ಹಾಗೆಂದು ಪುರಾಣದ ಕಥೆಯಾದರೆ ಎಲ್ಲವೂ ಬೀದಿಯ ಬಾವಿಯಂತೆ ಎಲ್ಲರದು ಎಂದು ತಿಳಿಯುವಂತಿಲ್ಲ. ಅದನ್ನು ತೋರಿಸಿಕೊಟ್ಟ ವ್ಯಾಜ್ಯ ನಮ್ಮ ನೆರೆಯಲ್ಲೇ ನಡೆಯಿತು.

ಕಾರಂತರ ಯಕ್ಷರಂಗ

ಶಿವರಾಮ ಕಾರಂತರು ಯಕ್ಷಗಾನದ ಮೇಲೆ ಬರೆದವರಷ್ಟೇ ಅಲ್ಲ, ಅದನ್ನು ತಿದ್ದಿ ಹೊಸ ರೂಪ ಕೊಟ್ಟವರು. ಇಡೀ ರಾತ್ರಿಯ ಆಟವನ್ನು ಕಿರಿದುಗೊಳಿಸಿ, ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿ, ವೇಷಭೂಷಣಗಳನ್ನು ಮತ್ತು ನೃತ್ಯವನ್ನು ಪರಿಷ್ಕರಿಸಿ ಅವರು ಕಟ್ಟಿದ ನೃತ್ಯರೂಪಕಗಳಿಗೆ 'ಯಕ್ಷರಂಗ'ವೆಂದು ಹೆಸರು. ಭೀಷ್ಮವಿಜಯ, ನಳದಮಯಂತಿ, ಅಭಿಮನ್ಯು ವಧೆ, ಪಂಚವಟಿ ಮೊದಲಾದ ಏಳು ಪ್ರಸಂಗಗಳು ಹೀಗೆ ಸಿದ್ಧವಾದವು. ಕಥೆಗಳೆಲ್ಲ ಹಳೆಯವು, ಪಾತ್ರಗಳೆಲ್ಲ ಪುರಾಣದವು.

ಕಾರಂತರು ತೀರಿಕೊಂಡುದು 1997ರ ಡಿಸೆಂಬರ್ 9ರಂದು. 1994ರಲ್ಲಿ ಬರೆದಿಟ್ಟ ಉಯಿಲಿನಲ್ಲಿ ಅವರು ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ತಮಗೆ ನೆರವಾಗಿದ್ದ ಮಾಲಿನಿ ಮಲ್ಯರಿಗೆ ಬಿಟ್ಟಿದ್ದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯ ತಂಡ ದಿಲ್ಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿತು. ಅನುಮತಿ ಪಡೆಯಲಿಲ್ಲವೆಂದು ಮಾಲಿನಿ ಮಲ್ಯರು ದಾವೆ ಹೂಡಿದರು. ವ್ಯಾಜ್ಯ ಉಡುಪಿಯ ಜಿಲ್ಲಾ ನ್ಯಾಯಾಲಯದಿಂದ ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿ, 2009ರ ಜನವರಿಯಲ್ಲಿ ತೀರ್ಮಾನವಾಯಿತು.

ತೀರ್ಪಿನ ಸಾರ ಬಹು ಸೂಕ್ಷ್ಮವಾದುದು. ನೃತ್ಯರೂಪಕವು ಕಾಯಿದೆಯ ದೃಷ್ಟಿಯಲ್ಲಿ 'ಸಾಹಿತ್ಯ ಕೃತಿ'ಯಲ್ಲ, 'ನಾಟಕ ಕೃತಿ'. ಆದುದರಿಂದ ಸಾಹಿತ್ಯ ಕೃತಿಗಳನ್ನು ಕುರಿತ ವಾಕ್ಯದಿಂದ ಅದರ ಹಕ್ಕು ದಾಟಲಿಲ್ಲ. ಉಯಿಲಿನಲ್ಲಿ ಉಳಿದ ಆಸ್ತಿಯನ್ನೆಲ್ಲ ಕುರಿತು ಬರೆದ ಇನ್ನೊಂದು ವಾಕ್ಯದಿಂದ ದಾಟಿತು. ಕಾರಂತರು ರೂಪಿಸಿದ ರೀತಿಯಲ್ಲೇ ಆ ಪ್ರಸಂಗಗಳನ್ನು ಆಡಲು ಒಪ್ಪಿಗೆ ಬೇಕು. ಆದರೆ ಶಿಕ್ಷಣ ಸಂಸ್ಥೆಗಳೊಳಗಿನ ಪ್ರದರ್ಶನಗಳಿಗೆ ಮತ್ತು ನ್ಯಾಯವಾದ ಬಳಕೆಗೆ ಕಾಯಿದೆಯೇ ಕೊಟ್ಟಿರುವ ವಿನಾಯಿತಿಗಳು ಹಾಗೆಯೇ ಉಳಿಯುತ್ತವೆ.

ಅಭಿಮನ್ಯುವಿಗೆ ಯಾರೂ ಒಡೆಯರಲ್ಲ. ಕಾರಂತರ ಕೈಯಲ್ಲಿ ರೂಪು ತಳೆದ ಅಭಿಮನ್ಯುವಿಗೆ ಉಂಟು. ಒಬ್ಬ ಮಹಾಲೇಖಕರ ಉಯಿಲಿನಲ್ಲೇ ಯಾವ ವಾಕ್ಯದಿಂದ ಯಾವುದು ಸಲ್ಲುತ್ತದೆಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಬಿಡಿಸಿ ಹೇಳಬೇಕಾಯಿತೆಂದ ಮೇಲೆ, ಲೆಕ್ಕ ಬರೆಯುವ ಹುಡುಗನ ಕರಾರುಪತ್ರದ ಮಾತೇನು!

ಪುರಾಣದ ಪಾತ್ರದ ಗತಿ ಇದಾದರೆ, ಲೇಖಕನು ತಾನೇ ಹುಟ್ಟಿಸಿದ ಪಾತ್ರದ ಗತಿಯೇನು? ಕಾರಂತರ ಚೋಮನನ್ನೇ ನೋಡಿ. 1933ರ 'ಚೋಮನ ದುಡಿ'ಗೆ ಮೊದಲು ಅವನು ಎಲ್ಲಿಯೂ ಇರಲಿಲ್ಲ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯವು ಲೇಖಕನ ಜೀವಮಾನವೂ, ಅವನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳೂ ಇರುತ್ತದೆ. ಆ ಲೆಕ್ಕದಲ್ಲಿ ಚೋಮನ ಕಥೆ 2057ರ ಕೊನೆಯವರೆಗೂ ಕಾವಲಿನಲ್ಲಿದೆ.

ಬೋಬನ್ ಮತ್ತು ಮೋಳಿ

ನಮ್ಮ ಜಿಲ್ಲೆಯ ತೆಂಕಣ ಗಡಿಯಾಚೆ ಕೇರಳ. ಅಲ್ಲಿ ಮನೆಮನೆಯ ಮಾತಾಗಿದ್ದ ಇಬ್ಬರು ತುಂಟ ಮಕ್ಕಳು ಬೋಬನ್ ಮತ್ತು ಮೋಳಿ. ಇವರನ್ನು ಚಿತ್ರಿಸಿದವರು ವಿ.ಟಿ. ಥಾಮಸ್, 'ಟೋಮ್ಸ್' ಎಂದೇ ಪ್ರಸಿದ್ಧರು. ಮಲಯಾಳ ಮನೋರಮಾ ಸಂಸ್ಥೆಯಲ್ಲಿ ನೌಕರಿಯಲ್ಲಿದ್ದು, ಅದರ ವಾರಪತ್ರಿಕೆಯಲ್ಲಿ ಈ ಮಕ್ಕಳ ಚಿತ್ರಪಟ್ಟಿಯನ್ನು ದಶಕಗಳ ಕಾಲ ಬರೆದರು. ಕೊನೆಯ ಪುಟದಿಂದ ಪತ್ರಿಕೆ ಓದುವ ಅಭ್ಯಾಸ ಮಲಯಾಳಿಗಳಿಗೆ ಅಂಟಿದುದೇ ಇವರಿಂದ ಎನ್ನುತ್ತಾರೆ.

1987ರಲ್ಲಿ ನಿವೃತ್ತರಾದ ಟೋಮ್ಸರು ಅದೇ ಮಕ್ಕಳನ್ನು ಬೇರೊಂದು ಪತ್ರಿಕೆಗಾಗಿ ಚಿತ್ರಿಸಹೊರಟರು. ಪಾತ್ರಗಳು ತಮ್ಮವೆಂದು ಹಳೆಯ ಪತ್ರಿಕೆ ನ್ಯಾಯಾಲಯದ ಮೆಟ್ಟಿಲೇರಿತು. ಪ್ರಕರಣ ಕೇರಳ ಉಚ್ಚ ನ್ಯಾಯಾಲಯಕ್ಕೆ ಬಂದಾಗ ಮುಖ್ಯವಾದುದು ಒಂದು ಸಂಗತಿ: ಟೋಮ್ಸರು ಆ ನೌಕರಿಗೆ ಸೇರುವ ಮೊದಲೇ ಬೋಬನ್ ಮತ್ತು ಮೋಳಿ ಅವರ ಕೈಯಲ್ಲಿ ಹುಟ್ಟಿದ್ದರು. ನೌಕರಿಯ ಅವಧಿಯಲ್ಲಿ ಪತ್ರಿಕೆಗಾಗಿ ಬರೆದ ಚಿತ್ರಪಟ್ಟಿಗಳ ಮಾತು ಬೇರೆ, ಪಾತ್ರಗಳ ಮಾತು ಬೇರೆ. ನೌಕರಿ ಬಿಟ್ಟ ಮೇಲೆ ಆ ಮಕ್ಕಳನ್ನು ಹೊಸದಾಗಿ ಚಿತ್ರಿಸದಂತೆ ಕಲಾವಿದನನ್ನು ತಡೆಯಲಾಗದು ಎಂಬುದು ನ್ಯಾಯಾಲಯದ ನಿಲುವಾಯಿತು. ಟೋಮ್ಸರು 2016ರಲ್ಲಿ ನಿಧನರಾದರು.

ಇದರ ಹಿಂದಿನ ತತ್ತ್ವವನ್ನು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಾಣಬಹುದು. ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ಸಂಬಳದ ಕೆಲಸವಾಗಿ ರಚಿಸಿದ್ದರೆ ಧಣಿ. ಪತ್ರಿಕೆಯ ನೌಕರನಾಗಿ ಬರೆದುದಾದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕಿನ ಮಟ್ಟಿಗೆ ಪತ್ರಿಕೆಯ ಒಡೆಯ. ಮಿಕ್ಕ ಹಕ್ಕು ಬರೆದವನದೇ. ಬೇರೆ ಕರಾರಿದ್ದರೆ ಆ ಕರಾರಿನಂತೆ. ಮನೆಯಲ್ಲಿ ಕುಳಿತು ಬರೆದು ಕಳಿಸುವ ಲೇಖಕನು ಯಾರ ನೌಕರನೂ ಅಲ್ಲ. ಅವನು ಬರೆದುಕೊಟ್ಟ ಹೊರತು ಅವನ ನಾಯಕಿ ಯಾರ ವಶಕ್ಕೂ ಹೋಗಳು.

ಕಾಯಿದೆಯಲ್ಲಿ 'ಪಾತ್ರ' ಎಂಬುದಕ್ಕೆ ಪ್ರತ್ಯೇಕ ಸ್ಥಾನವಿಲ್ಲವೆಂಬುದನ್ನೂ ಹೇಳಬೇಕು. ಬರಿಯ ಹೆಸರಿಗೆ, ಬರಿಯ ಕಲ್ಪನೆಗೆ ಕಾವಲಿಲ್ಲ. ಚಂದ್ರನ ಮೇಲೆ ಊಟದ ಮನೆಯಿಟ್ಟ ಹೆಂಗಸು ಎಂಬ ಕಲ್ಪನೆಯನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಅವಳ ಮಾತಿನ ವರಸೆ, ನಡೆನುಡಿ, ಹಿಂದಿನ ಬದುಕು, ಸುತ್ತಲಿನ ಜನ ಇವೆಲ್ಲ ಕೂಡಿ ಓದುಗನಿಗೆ 'ಇವಳೇ ಗಿರಿಜಕ್ಕ' ಎನ್ನುವಷ್ಟು ಸ್ಪಷ್ಟವಾಗಿ ಮೂಡಿದ್ದರೆ, ಅದು ಬರೆದವನ ಅಭಿವ್ಯಕ್ತಿ. ಅದಕ್ಕೆ ರಕ್ಷಣೆ ಕೇಳಲು ದಾರಿಯುಂಟು.

ಎರಡು ಪಾತ್ರಗಳ ಎರಡು ಹಣೆಬರಹ

ಹುಡುಗನ ಕರಾರಿನಲ್ಲಿದ್ದ 'ಬೇರೆ ಲೇಖಕರಿಂದ ಕಾದಂಬರಿಮಾಲೆ' ಎಂಬ ಮಾತು ನಮಗೆ ಹೊಸತಾದರೂ ಪಶ್ಚಿಮದ ವಿಜ್ಞಾನ ಕಥಾಲೋಕದಲ್ಲಿ ಹಳೆಯದು. ಅಲ್ಲಿ ಒಂದು ಚಲನಚಿತ್ರವೋ ದೂರದರ್ಶನ ಮಾಲೆಯೋ ಗೆದ್ದರೆ, ಅದರ ಒಡೆಯರು ಪ್ರಕಾಶಕರಿಗೆ ಪರವಾನಗಿ ಕೊಡುತ್ತಾರೆ; ಪ್ರಕಾಶಕರು ಲೇಖಕರಿಂದ ಅದೇ ಲೋಕದ ಕಾದಂಬರಿಗಳನ್ನು ಬರೆಸುತ್ತಾರೆ. ಪರರ ಮನೆಯಲ್ಲಿ ಬಾಡಿಗೆಗಿದ್ದು ಬರೆದಂತೆ. ಆ ಬಾಡಿಗೆಯ ಮನೆಯಲ್ಲಿ ಲೇಖಕನಿಗೆ ಹೊಸದೊಂದು ಪಾತ್ರ ಹುಟ್ಟಿದರೆ ಆ ಮಗು ಯಾರದು?

1991ರಲ್ಲಿ ಅಮೆರಿಕದ ಟಿಮೊಥಿ ಝಾನ್ 'ಸ್ಟಾರ್ ವಾರ್ಸ್' ಲೋಕದ ಕಾದಂಬರಿಯೊಂದರಲ್ಲಿ ಥ್ರಾನ್ ಎಂಬ ನೀಲಿ ಬಣ್ಣದ ಸೇನಾನಿಯನ್ನು ಸೃಷ್ಟಿಸಿದನು. ಮರುವರ್ಷ, 1992ರಲ್ಲಿ, ಇಂಗ್ಲೆಂಡಿನ ಪಾಲ್ ಕಾರ್ನೆಲ್ 'ಡಾಕ್ಟರ್ ಹೂ' ಲೋಕದ ಕಾದಂಬರಿಯೊಂದರಲ್ಲಿ ಬರ್ನಿಸ್ ಸಮ್ಮರ್‌ಫೀಲ್ಡ್ ಎಂಬ ಪುರಾತತ್ತ್ವ ವಿದುಷಿಯನ್ನು ಸೃಷ್ಟಿಸಿದನು. ಇಬ್ಬರೂ ಓದುಗರ ಮನಗೆದ್ದರು. ಆದರೆ ಹಣೆಬರಹ ಬೇರೆಯಾಯಿತು.

ಥ್ರಾನ್ ಚಿತ್ರಸಂಸ್ಥೆಯ ಸೊತ್ತು. 2016ರಲ್ಲಿ ಅವನು ದೂರದರ್ಶನದ ವ್ಯಂಗ್ಯಚಿತ್ರ ಮಾಲೆಗೆ ಬಂದನು. 2023ರಲ್ಲಿ ನಟನೊಬ್ಬನ ಮೈದಳೆದು ತೆರೆಗೆ ಬಂದನು. ಅದಕ್ಕೆ ಝಾನನ ಅಪ್ಪಣೆ ಬೇಕಾಗಿರಲಿಲ್ಲ. ಥ್ರಾನನ ಮೇಲೆ ಹೊಸ ಕಾದಂಬರಿಗಳನ್ನು ಸಂಸ್ಥೆ 2017ರಿಂದ ಅವನಿಂದಲೇ ಬರೆಸಿತು ಎಂಬುದು ನಿಜ. ಆದರೆ ಬರೆಸಬೇಕೆಂಬ ನಿರ್ಬಂಧವಿರಲಿಲ್ಲ.

ಬರ್ನಿಸಳ ಕಥೆ ಹಾಗಲ್ಲ. ಆ ಕಾದಂಬರಿಗಳಲ್ಲಿ ಲೇಖಕನು ತಾನಾಗಿ ಸೃಷ್ಟಿಸಿದ ಪಾತ್ರದ ಹಕ್ಕು ಲೇಖಕನಲ್ಲೇ ಉಳಿಯುತ್ತಿತ್ತು. 1997ರಲ್ಲಿ ಬಿ.ಬಿ.ಸಿ.ಯು ಪ್ರಕಾಶಕರಿಂದ ಪರವಾನಗಿಯನ್ನು ಹಿಂದಕ್ಕೆ ಪಡೆದಾಗ 'ಡಾಕ್ಟರ್' ಹೊರಟುಹೋದನು, ಬರ್ನಿಸ್ ಉಳಿದಳು. ಅವಳನ್ನೇ ನಾಯಕಿಯಾಗಿಸಿ ಅದೇ ಪ್ರಕಾಶಕರು 1999ರವರೆಗೆ ಕಾದಂಬರಿಮಾಲೆಯನ್ನು ಮುಂದುವರಿಸಿದರು. 1998ರಲ್ಲಿ ಹೊಸದೊಂದು ಧ್ವನಿನಾಟಕ ಸಂಸ್ಥೆ ತನ್ನ ಮೊದಲ ನಾಟಕಮಾಲೆಯನ್ನು ಅವಳಿಂದಲೇ ಆರಂಭಿಸಿತು. ಬಾಡಿಗೆಯ ಮನೆ ಬಿಟ್ಟರೂ ತಾಯಿಯ ಕೈಹಿಡಿದು ಮಗು ಹೊರಬಂದಂತಾಯಿತು.

ಅದೇ 'ಡಾಕ್ಟರ್ ಹೂ'ವಿನ ಇನ್ನೊಂದು ನಿದರ್ಶನ ಇನ್ನೂ ಕಟುವಾದುದು. 1963ರಲ್ಲಿ ಮೊದಲು ಕಾಣಿಸಿಕೊಂಡ 'ಡಾಲೆಕ್' ಎಂಬ ಯಂತ್ರಕವಚದ ರಾಕ್ಷಸರು ಬ್ರಿಟನ್ನಿನ ಮಕ್ಕಳಿಗೆಲ್ಲ ಹುಚ್ಚು ಹಿಡಿಸಿದರು. ಅವರನ್ನು ಕಥೆಯಲ್ಲಿ ಕಲ್ಪಿಸಿದ ಟೆರಿ ನೇಷನ್ ಸ್ವತಂತ್ರ ಲೇಖಕ. ಹಕ್ಕಿನಲ್ಲಿ ಪಾಲು ಉಳಿಸಿಕೊಂಡು ಧನಿಕನಾದನು. ಅವರ ಆಕಾರವನ್ನು ರೂಪಿಸಿದ ರೇಮಂಡ್ ಕ್ಯೂಸಿಕ್ ಬಿ.ಬಿ.ಸಿ.ಯ ಸಂಬಳದ ನೌಕರ. ಅವನಿಗೆ ದೊರೆತುದು ಒಂದು ಸಣ್ಣ ಗೌರವಧನ. ಪ್ರತಿಭೆಯಲ್ಲಿ ಹೆಚ್ಚು ಕಡಿಮೆಯಿಲ್ಲ, ಭೇದವಿದ್ದುದು ಕಾಗದದಲ್ಲಿ.

ಸಂಸ್ಥೆಗಳ ಪಕ್ಷಕ್ಕೂ ನ್ಯಾಯವುಂಟು. ಹತ್ತು ಲೇಖಕರು ಸೇರಿ ಕಟ್ಟುವ ಕಥಾಲೋಕದಲ್ಲಿ ಒಬ್ಬೊಬ್ಬನೂ ತನ್ನ ಪಾತ್ರವನ್ನು ನಡುವೆ ಎತ್ತಿಕೊಂಡು ಹೋದರೆ ಮನೆ ಕುಸಿದೀತು. ಹಣ ಹೂಡುವವರಿಗೆ ನಿಶ್ಚಿಂತೆ ಬೇಕು. ಆದರೆ ಪರರ ಲೋಕದಲ್ಲಿ ಬರೆಯಹೋದವನಿಗೆ ಅನ್ವಯಿಸುವ ಕಟ್ಟಳೆಯನ್ನು, ತನ್ನದೇ ಲೋಕವನ್ನು ಹೊತ್ತು ತಂದವನ ಮೇಲೆ ಹೇರಬೇಕೆ? ಗಿರಿಜಕ್ಕ ಯಾರ ಪರವಾನಗಿಯಿಂದಲೂ ಹುಟ್ಟಿದವಳಲ್ಲ.

ಸಹಿಗೆ ಮುನ್ನ

ಕಾಯಿದೆಯನ್ನು ಓದುತ್ತ ನನಗೆ ಅಚ್ಚರಿ ತಂದ ಸಂಗತಿಯೊಂದಿದೆ. ಕರಾರು ಮೌನವಾಗಿರುವ ಕಡೆಯಲ್ಲೆಲ್ಲ ಕಾಯಿದೆ ಲೇಖಕನ ಪಕ್ಷದಲ್ಲಿ ನಿಲ್ಲುತ್ತದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿಯಿರಬೇಕು. ಎಷ್ಟು ಕಾಲಕ್ಕೆಂದು ಹೇಳಿರದಿದ್ದರೆ ಐದೇ ವರ್ಷ. ಯಾವ ದೇಶಗಳಿಗೆಂದು ಹೇಳಿರದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದು ರದ್ದು. 2012ರ ತಿದ್ದುಪಡಿಯ ಮೇಲೆ, ಸಹಿಯ ಕಾಲಕ್ಕೆ ಇಲ್ಲದ ಹೊಸ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೇಳಿರದ ಹೊರತು, ವರ್ಗಾವಣೆ ಅನ್ವಯಿಸದು. ಹಕ್ಕನ್ನೆಲ್ಲ ಬಿಟ್ಟುಕೊಟ್ಟ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ವಿಶೇಷ ಹಕ್ಕು ಲೇಖಕನಿಗುಂಟು. 'ಶಾಶ್ವತವಾಗಿ', 'ವಿಶ್ವದಾದ್ಯಂತ' ಎಂಬ ಮಾತುಗಳು ಕರಾರುಗಳಲ್ಲಿ ಏಕೆ ಬರುತ್ತವೆಂಬುದು ಆಗ ನನಗೆ ಅರ್ಥವಾಯಿತು. ಕಾಯಿದೆಯ ಮೌನವನ್ನು ಮುಚ್ಚಿಹಾಕುವುದಕ್ಕಾಗಿಯೇ ಅವು ಬರುತ್ತವೆ.

ಆದುದರಿಂದ ಬರೆಯುವ ತರುಣ ತರುಣಿಯರೂ, ಅವರ ತಂದೆ ತಾಯಿಗಳೂ ಸಹಿಗೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಕೊಡುತ್ತಿರುವುದು ಈ ಒಂದು ಕಥೆಯನ್ನೋ, ಪಾತ್ರವನ್ನೂ ಸೇರಿಸಿಯೋ? ಎಷ್ಟು ವರ್ಷಕ್ಕೆ, ಯಾವ ಯಾವ ರೂಪಕ್ಕೆ? ಅದೇ ಪಾತ್ರವನ್ನು ಬೇರೆಯವರು ಬರೆದರೆ ನನ್ನ ಹೆಸರೆಲ್ಲಿ, ಪಾಲೆಷ್ಟು? ಅವರು ಬಳಸದೆ ಸುಮ್ಮನಿಟ್ಟರೆ ಅದು ನನಗೆ ಯಾವಾಗ ಮರಳುತ್ತದೆ? ಕರಾರಿನ ಭಾಷೆ ತಿಳಿಯದಿದ್ದರೆ ಪರಿಚಯದ ವಕೀಲರೊಬ್ಬರಿಗೆ ತೋರಿಸುವುದರಲ್ಲಿ ನಾಚಿಕೆಯಿಲ್ಲ. ಗದ್ದೆಯನ್ನು ಗೇಣಿಗೆ ಕೊಡುವುದಕ್ಕೂ ಕ್ರಯಕ್ಕೆ ಕೊಡುವುದಕ್ಕೂ ಇರುವ ಅಂತರ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಕಥೆಯ ವಿಷಯದಲ್ಲಿ ನಾವು ಅದನ್ನು ಮರೆಯುತ್ತೇವೆ.

ಎರಡು ದಿನಗಳ ಬಳಿಕ ಹುಡುಗನೂ ನಾನೂ ಅದೇ ಜಗಲಿಯಲ್ಲಿ ಕುಳಿತು, ಉತ್ತರಪತ್ರಿಕೆ ತಿದ್ದುವ ಆ ಕೆಂಪು ಪೆನ್ನಿನಿಂದಲೇ ಕರಾರುಪತ್ರವನ್ನು ಗುರುತಿಸಿದೆವು. ವಕೀಲ ಮಿತ್ರರೊಬ್ಬರು ಎರಡು ವಾಕ್ಯ ಬರೆದುಕೊಟ್ಟರು. ಸಂಸ್ಥೆಯವರು ಕೋಪಿಸಿಕೊಳ್ಳಲಿಲ್ಲ, ಆದರೆ ಎಲ್ಲವನ್ನೂ ಒಪ್ಪಲೂ ಇಲ್ಲ. ಕೊನೆಗೆ ತೀರ್ಮಾನವಾದುದು ಹೀಗೆ: ಈ ಒಂದು ಕಥೆಯನ್ನು ಧ್ವನಿನಾಟಕವಾಗಿಯೂ ಪುಸ್ತಕವಾಗಿಯೂ ಏಳು ವರ್ಷ ಬಳಸಬಹುದು, ಗಿರಿಜಕ್ಕ ಲೇಖಕನವಳೇ, ಕಾದಂಬರಿಮಾಲೆಯ ಯೋಚನೆ ಕೈಬಿಟ್ಟಿದೆ, ಸಂಭಾವನೆ 15,000ದಿಂದ 8,000ಕ್ಕೆ ಇಳಿದಿದೆ.

"ಏಳು ಸಾವಿರ ಹೋಯಿತು, ಸರ್. ಅಪ್ಪ ಎರಡು ದಿನ ಮಾತಾಡಲಿಲ್ಲ" ಎಂದನು ಹುಡುಗ. ಅವನ ಮನೆಯಲ್ಲಿ ಏಳು ಸಾವಿರವೆಂದರೆ ಸಣ್ಣ ಮೊತ್ತವಲ್ಲವೆಂಬುದು ನನಗೆ ಗೊತ್ತು. ನಾನು ಹೇಳಿದ್ದು ಸರಿಯೇ ಎಂಬ ಅಳುಕು ಕೆಲವು ರಾತ್ರಿ ನನ್ನನ್ನೂ ಕಾಡದೆ ಇರಲಿಲ್ಲ.

ಸೋಣ ತಿಂಗಳು ಮುಗಿಯುವ ಹೊತ್ತಿಗೆ ಅವನು ಮತ್ತೆ ಬಂದನು. ಕೈಯಲ್ಲಿ ಇನ್ನೂರು ಪುಟದ ನೋಟುಪುಸ್ತಕ. ಗಿರಿಜಕ್ಕನ ಎರಡನೆಯ ಕಥೆ. ನನಗೆ ಓದಲು ಇನ್ನೂ ಪುರಸತ್ತಾಗಿಲ್ಲ, ಮನೆಯಾಕೆ ಆಗಲೇ ಓದಿ ಮುಗಿಸಿದ್ದಾಳೆ. ಈ ಸಲ ಗಿರಿಜಕ್ಕ ಮಂಗಳ ಗ್ರಹಕ್ಕೆ ಹೊರಟಿದ್ದಾಳಂತೆ. ಅಷ್ಟು ದೂರಕ್ಕೆ ಬಂಗುಡೆ ಕೆಡದಂತೆ ಒಯ್ಯುವುದು ಹೇಗೆಂಬುದೊಂದೇ ಅವಳ ಚಿಂತೆ.